ಬಿಚ್ಚಲು ಬಿಡುವ ಯಂತ್ರ, ಬಿಚ್ಚಲು ಕಲಿಸಿದ ಗೆಳತಿ: ಥಿಂಕ್‌ಪ್ಯಾಡ್ ಟಿ480

ಲೆನೊವೊ ಸಂಸ್ಥೆ 2018ರಲ್ಲಿ ಹೊರತಂದ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ಈಗ ಹೊಸದಾಗಿ ಮಾರಾಟಕ್ಕಿಲ್ಲ. ಕಂಪನಿಗಳಲ್ಲಿ ಕೆಲವು ವರ್ಷ ದುಡಿದು, ಗುತ್ತಿಗೆಯ ಅವಧಿ ಮುಗಿದ ಮೇಲೆ ಸಗಟಾಗಿ ಹೊರಬಿದ್ದ ಯಂತ್ರಗಳೇ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಮಾಲಾಗಿ ಸಿಗುತ್ತವೆ. ನಾನು ಅನುವಾದ ಮಾಡುವವಳು, ಜೊತೆಗೆ ಕರಡು ತಿದ್ದುವವಳು. ದಿನದ ಬಹುಪಾಲು ಹೊತ್ತು ಕನ್ನಡ ಟೈಪ್ ಮಾಡುವುದರಲ್ಲೇ ಕಳೆಯುತ್ತದೆ. ಕೆಲವು ವರ್ಷಗಳಿಂದ ಆ ಕೆಲಸವೆಲ್ಲ ಈ ಯಂತ್ರದ ಮೇಲೆಯೇ ನಡೆದಿದೆ. ಇದರ ಗುಣದೋಷಗಳನ್ನು ಬರೆಯಹೊರಟಾಗ, ಇದನ್ನು ಆರಿಸಿಕೊಟ್ಟ ಗೆಳತಿಯನ್ನು ಬಿಟ್ಟು ಬರೆಯಲು ನನ್ನಿಂದ ಆಗದು. ಒಂದು ವಸ್ತುವನ್ನು ಚೆನ್ನಾಗಿ ರೂಪಿಸುವುದೆಂದರೆ ಅದನ್ನು ಬಳಸುವವರ ಕೈಯನ್ನೂ ಬುದ್ಧಿಯನ್ನೂ ನಂಬುವುದು ಎಂಬ ಮಾತು ನನಗೆ ಮನದಟ್ಟಾದದ್ದು ಅವಳಿಂದ.

ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಮುಂದೆ ಅವಳು ಒಂದು ಕಂಪನಿಯಲ್ಲಿ ಕಂಪ್ಯೂಟರುಗಳ ರಿಪೇರಿ ಮತ್ತು ನಿರ್ವಹಣೆ ನೋಡಿಕೊಳ್ಳುವ ವಿಭಾಗ ಸೇರಿದಳು, ನಾನು ಪುಸ್ತಕಗಳ ಕಡೆ ಬಂದೆ. ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಾಗ ತೆಳ್ಳಗಿನ, ಬೆಳ್ಳಿ ಬಣ್ಣದ ಹೊಸ ಮಾದರಿಯೊಂದನ್ನು ಕೊಳ್ಳಬೇಕೆಂದು ಮನಸ್ಸು ಮಾಡಿ ಅವಳ ಅಭಿಪ್ರಾಯ ಕೇಳಿದೆ. ಅವಳು ಆ ಮಾದರಿಯ ಬಗ್ಗೆ ಏನೂ ಹೇಳಲಿಲ್ಲ. ದಿನಕ್ಕೆ ಎಷ್ಟು ಗಂಟೆ ಟೈಪ್ ಮಾಡುತ್ತೀ, ಯಾವ ಕೀಲಿಮಣೆ ವಿನ್ಯಾಸ ಬಳಸುತ್ತೀ, ಮಳೆಗಾಲದಲ್ಲಿ ಊರಿಗೆ ಹೋದಾಗ ಕರೆಂಟು ಎಷ್ಟು ಹೊತ್ತು ಇರುವುದಿಲ್ಲ, ಚಿತ್ರ ವಿಡಿಯೊಗಳ ಕೆಲಸ ಏನಾದರೂ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿದಳು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ, "ನಿನಗೆ ಬೇಕಾದದ್ದು ಅದಲ್ಲ ಕಣೇ, ಶನಿವಾರ ಬಾ, ಎಸ್.ಪಿ. ರಸ್ತೆಗೆ ಹೋಗೋಣ" ಎಂದಳು. ಸಲಹೆ ಕೇಳಿದವರಿಗೆ ತಮ್ಮ ಇಷ್ಟವನ್ನೇ ದಾಟಿಸುವವರು ಬಹಳ ಜನ. ಅವಳು ಮೊದಲು ನನ್ನ ದಿನಚರಿಯನ್ನು ತಿಳಿದುಕೊಂಡಳು. ಅಂಗಡಿಯಲ್ಲಿ ಒಂದೊಂದು ಯಂತ್ರದ ಮುಂದೆಯೂ ನನ್ನನ್ನು ಕೂರಿಸಿ, ಜೊತೆಯಲ್ಲಿ ತಂದಿದ್ದ ಪುಸ್ತಕದಿಂದ ಒಂದು ಇಡೀ ಪ್ಯಾರಾ ಕನ್ನಡವನ್ನು ಟೈಪ್ ಮಾಡಿಸಿದಳು. ಅಂಗಡಿಯವರು ಅಷ್ಟು ಹೊತ್ತೂ ತಾಳ್ಮೆಯಿಂದ ನಿಂತಿದ್ದರು. ಅವರಿಗೂ ನಾನು ಋಣಿ.

ಆದ್ದರಿಂದ ಕೀಲಿಮಣೆಯಿಂದಲೇ ಮೊದಲು ಮಾಡುತ್ತೇನೆ. ಟಿ480ರ ಕೀಲಿಗಳು ಸುಮಾರು 1.8 ಮಿಲಿಮೀಟರ್ ಕೆಳಗಿಳಿಯುತ್ತವೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಬೆರಳು ಹಲಗೆಯನ್ನು ಬಡಿದಂತಾಗಿ ಸಂಜೆಯ ಹೊತ್ತಿಗೆ ಗೆಣ್ಣುಗಳು ನೋಯುತ್ತವೆ. ಇಲ್ಲಿ ಒತ್ತಿದ್ದು ಒತ್ತಿತು ಎಂಬುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ, ಕಣ್ಣನ್ನು ಮೂಲಪ್ರತಿಯ ಮೇಲೆಯೇ ಇಟ್ಟುಕೊಂಡು ಪುಟಗಟ್ಟಲೆ ಸಾಗಬಹುದು. ಪ್ರತಿ ಕೀಲಿಯ ಮೇಲ್ಮೈ ನಡುವೆ ಸ್ವಲ್ಪ ತಗ್ಗಾಗಿದೆ, ಕೆಳ ಅಂಚು ದುಂಡಗಿದೆ. ಬೆರಳು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರಿ ಇಳಿಯುವಾಗ ತಪ್ಪು ಕೀಲಿಗೆ ತಗುಲಿದರೂ ಸರಿಯಾದ ಕೀಲಿಯ ನಡುವಿಗೆ ತಾನಾಗಿ ಬಂದು ನಿಲ್ಲುತ್ತದೆ. ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆ ವಿನ್ಯಾಸ. ಅದರಲ್ಲಿ ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ ಮೂಡುತ್ತದೆ. ಒತ್ತಕ್ಷರ ಬೇಕಾದಲ್ಲೆಲ್ಲ ಎಫ್ ಕೀಲಿಯನ್ನು ಒತ್ತಬೇಕು. ಕನ್ನಡದಲ್ಲಿ ಒತ್ತಕ್ಷರವಿಲ್ಲದ ವಾಕ್ಯ ಅಪರೂಪವಾದ್ದರಿಂದ ಎಡಗೈ ತೋರುಬೆರಳು ದಿನವಿಡೀ ಆ ಒಂದು ಕೀಲಿಯ ಮೇಲೆ ದುಡಿಯುತ್ತದೆ. ನನ್ನ ಯಂತ್ರದಲ್ಲಿ ಎಫ್ ಅಕ್ಷರ ಪೂರ್ತಿ ಅಳಿಸಿಹೋಗಿದೆ, ಕೀಲಿಯ ಒರಟು ಮೈ ನುಣುಪಾಗಿ ಹೊಳೆಯುತ್ತದೆ, ಬೆರಳಿಗೆ ನೆಲೆ ತೋರಿಸುವ ಆ ಸಣ್ಣ ಉಬ್ಬುಗೆರೆ ಮಾತ್ರ ಉಳಿದಿದೆ. ಇಷ್ಟಾದರೂ ಕೀಲಿ ಒಂದು ದಿನವೂ ಅಂಟಿಕೊಂಡಿಲ್ಲ, ಎರಡೆರಡು ಸಲ ಒತ್ತಿಲ್ಲ. ಎಫ್ ಕೀಲಿಯನ್ನು ಅಷ್ಟು ಅನುಕೂಲದ ಜಾಗದಲ್ಲಿ ಒತ್ತಕ್ಷರಕ್ಕೆಂದು ಮೀಸಲಿಟ್ಟ ರಾವ್ ಅವರ ವಿವೇಕವನ್ನೂ ಇಲ್ಲಿ ನೆನೆಯದೆ ಇರಲಾರೆ. ನನ್ನ ಮಟ್ಟಿಗೆ ಅದೂ ಈ ಯಂತ್ರದ ವಿನ್ಯಾಸದ ಒಂದು ಭಾಗವೇ ಆಗಿಬಿಟ್ಟಿದೆ.

ಕೀಲಿಮಣೆಯ ನಡುವೆ, ಜಿ, ಎಚ್, ಬಿ ಕೀಲಿಗಳು ಸೇರುವ ಕಡೆ ಒಂದು ಕೆಂಪು ಗುಂಡಿಯಿದೆ. ಟ್ರ್ಯಾಕ್‌ಪಾಯಿಂಟ್ ಎಂದು ಅದರ ಹೆಸರು. ಕೀಲಿಮಣೆಯಿಂದ ಮೌಸಿಗೆ ಕೈ ಒಯ್ಯುವುದರಲ್ಲೇ ಹೊತ್ತು ವ್ಯರ್ಥವಾಗುವುದನ್ನು ಗಮನಿಸಿದ ಟೆಡ್ ಸೆಲ್ಕರ್ ಅವರು ಐಬಿಎಂ ಸಂಸ್ಥೆಯಲ್ಲಿದ್ದಾಗ ಇದನ್ನು ಬೆಳೆಸಿದರು. 1992ರಲ್ಲಿ ಬಂದ ಥಿಂಕ್‌ಪ್ಯಾಡ್ 700ಸಿ ಮಾದರಿಯಲ್ಲಿ ಇದು ಕಾಣಿಸಿಕೊಂಡಿತು. ಗುಂಡಿ ಅಲುಗಾಡುವುದಿಲ್ಲ. ಬೆರಳು ಯಾವ ದಿಕ್ಕಿಗೆ ಎಷ್ಟು ಒತ್ತಡ ಹಾಕುತ್ತದೆ ಎಂಬುದನ್ನು ಒಳಗಿನ ಸಂವೇದಕಗಳು ಅಳೆದು ತೆರೆಯ ಮೇಲಿನ ಬಾಣವನ್ನು ಓಡಿಸುತ್ತವೆ. ಸ್ಪೇಸ್ ಪಟ್ಟಿಯ ಕೆಳಗಿನ ಮೂರು ಗುಂಡಿಗಳಲ್ಲಿ ನಡುವಿನದನ್ನು ಒತ್ತಿ ಹಿಡಿದು ಕೆಂಪು ಗುಂಡಿಯನ್ನು ತಳ್ಳಿದರೆ ಪುಟ ಮೇಲೆ ಕೆಳಗೆ ಸರಿಯುತ್ತದೆ. ಮೊದಮೊದಲು ಬಾಣ ಹೇಳಿದ ಮಾತು ಕೇಳುವುದಿಲ್ಲ. ಕೆಲವು ವಾರ ಬಿಡದೆ ಬಳಸಿದರೆ ಕರಡು ತಿದ್ದುವಾಗ ಅದರ ಬೆಲೆ ತಿಳಿಯುತ್ತದೆ: ಒಂದು ದೀರ್ಘ ತಪ್ಪಿ ಹ್ರಸ್ವವಾದ ಕಡೆ ಬಾಣವನ್ನಿಟ್ಟು, ತಿದ್ದಿ, ಮುಂದಿನ ಸಾಲಿಗೆ ಹೋಗುವವರೆಗೂ ಅಂಗೈ ತನ್ನ ಜಾಗ ಬಿಟ್ಟು ಕದಲುವುದಿಲ್ಲ.

ಮೊದಲ ಥಿಂಕ್‌ಪ್ಯಾಡಿಗೆ ರೂಪ ಕೊಟ್ಟವರು ಜರ್ಮನಿಯಲ್ಲಿ ಹುಟ್ಟಿ ಇಟಲಿಯ ಮಿಲಾನಿನಲ್ಲಿ ನೆಲೆಸಿದ್ದ ರಿಚರ್ಡ್ ಸಾಪರ್. ಜಪಾನಿನ ಕಪ್ಪು ಬುತ್ತಿಪೆಟ್ಟಿಗೆಯೇ ಅವರಿಗೆ ಸ್ಫೂರ್ತಿ: ಹೊರಗೆ ಆಡಂಬರವಿಲ್ಲದ ಚೌಕ, ತೆರೆದಾಗ ಒಳಗೆ ಎಲ್ಲವೂ ಅದರದರ ಸ್ಥಾನದಲ್ಲಿ. ಜಪಾನಿನ ಯಮಾಟೊದಲ್ಲಿದ್ದ ಐಬಿಎಂ ಪ್ರಯೋಗಾಲಯದ ಎಂಜಿನಿಯರುಗಳು ಆ ರೂಪದೊಳಗೆ ಯಂತ್ರವನ್ನು ಕೂರಿಸಿದರು. 2005ರಲ್ಲಿ ಐಬಿಎಂನ ಪರ್ಸನಲ್ ಕಂಪ್ಯೂಟರ್ ವಿಭಾಗ ಚೀನಾ ಮೂಲದ ಲೆನೊವೊ ಸಂಸ್ಥೆಯ ಕೈಸೇರಿತು. ಒಡೆತನ ಬದಲಾದ ಮೇಲೂ ಆ ಕಪ್ಪು ಚೌಕ ಮತ್ತು ಕೆಂಪು ಗುಂಡಿ ಉಳಿದುಕೊಂಡವು. ಮೂರು ದಶಕ ಒಂದೇ ರೂಪವನ್ನು ಕಾಪಾಡಿಕೊಂಡು ಬರುವುದಕ್ಕೆ, ಪ್ರತಿವರ್ಷ ಹೊಸ ವೇಷ ಬಯಸುವ ಈ ವ್ಯಾಪಾರದಲ್ಲಿ, ಸಾಕಷ್ಟು ಗಟ್ಟಿ ಮನಸ್ಸು ಬೇಕು.

ಇನ್ನು ಬ್ಯಾಟರಿಯ ವಿಚಾರ. ಸಾಗರದ ಕಡೆಯ ನಮ್ಮ ಮನೆಯಲ್ಲಿ ಆಷಾಢದ ಗಾಳಿಮಳೆಗೆ ಮರ ತಂತಿಯ ಮೇಲೆ ಬಿತ್ತೆಂದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಅಂಥ ದಿನಗಳಲ್ಲಿ ಟಿ480ರ ನಿಜವಾದ ಗುಣ ಕಾಣುತ್ತದೆ. ಇದರಲ್ಲಿ ಎರಡು ಬ್ಯಾಟರಿಗಳಿವೆ. 24 ವಾಟ್-ಗಂಟೆಯದೊಂದು ಒಳಗೆ ಕೂತಿರುತ್ತದೆ, ಇನ್ನೊಂದು ಹಿಂಬದಿಯಲ್ಲಿ ಹೊರಗಿನಿಂದ ಸಿಕ್ಕಿಸುವಂಥದ್ದು. ಹೊರಗಿನದು 24, 48 ಅಥವಾ 72 ವಾಟ್-ಗಂಟೆಯ ಗಾತ್ರಗಳಲ್ಲಿ ಬರುತ್ತದೆ. ಯಂತ್ರ ಮೊದಲು ಹೊರಗಿನದನ್ನು ಖಾಲಿ ಮಾಡುತ್ತದೆ. ಅದು ಮುಗಿದಾಗ ಅಡಿಯ ಕೊಂಡಿ ಸರಿಸಿ ತೆಗೆದು, ತುಂಬಿದ ಇನ್ನೊಂದನ್ನು ಸಿಕ್ಕಿಸುವವರೆಗೂ ಒಳಗಿನ ಬ್ಯಾಟರಿ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಯಂತ್ರವನ್ನು ಆಫ್ ಮಾಡುವುದೂ ಬೇಡ, ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಡುವುದೂ ಬೇಡ. 72ರ ಬ್ಯಾಟರಿ ಹಾಕಿದರೆ ಒಟ್ಟು 96 ವಾಟ್-ಗಂಟೆಯಾಗುತ್ತದೆ. ಬರವಣಿಗೆಯಷ್ಟೇ ಕೆಲಸವಾದರೆ ಒಂದು ಪೂರ್ತಿ ದಿನವನ್ನು ಚಾರ್ಜರ್ ಮುಟ್ಟದೆ ಕಳೆಯಬಹುದು. ದೊಡ್ಡ ಬ್ಯಾಟರಿ ಹಿಂಬದಿಯಲ್ಲಿ ಕೆಳಕ್ಕೆ ಉಬ್ಬಿಕೊಂಡಿರುವುದು ನೋಡಲು ಅಂದವಲ್ಲ, ಆದರೆ ಅದರಿಂದ ಕೀಲಿಮಣೆಗೆ ಬರವಣಿಗೆಗೆ ಹಿತವಾದ ಒಂದು ಇಳಿಜಾರು ದೊರೆಯುತ್ತದೆ. ಮುಂದಿನ ವರ್ಷ ಬಂದ ಟಿ490 ಮಾದರಿಯಲ್ಲಿ ಈ ಏರ್ಪಾಡನ್ನೇ ಕೈಬಿಟ್ಟು ಒಂದೇ ಬ್ಯಾಟರಿಯನ್ನು ಒಳಗೆ ಅಡಗಿಸಿದರು. ತೂಕ ಕಡಿಮೆಯಾಯಿತು ನಿಜ. ನನ್ನಂಥವರಿಗೆ ಅದು ನಷ್ಟವೇ.

ಈ ಯಂತ್ರದ ಬಗ್ಗೆ ನನಗಿರುವ ಅಭಿಮಾನದ ಮೂಲ ಮಾತ್ರ ಅದರ ಹೊಟ್ಟೆಯೊಳಗಿದೆ. ಒಂದು ಬೇಸಿಗೆಯಲ್ಲಿ ಫ್ಯಾನಿನ ಸದ್ದು ಜೋರಾಗಿ, ಕೀಲಿಮಣೆಯ ಎಡಭಾಗ ಬಿಸಿಯಾಗತೊಡಗಿತು. ಹಳೆಯ ಯಂತ್ರಗಳಲ್ಲಿ ಧೂಳು ಕಟ್ಟುವುದೂ, ಪ್ರೊಸೆಸರಿನ ಮೇಲಿನ ಶಾಖವಾಹಕ ಲೇಪ ಒಣಗುವುದೂ ಸಹಜ. ಯಂತ್ರವನ್ನು ಆ ಗೆಳತಿಯ ಮನೆಗೆ ಒಯ್ದೆ. ಅವಳು ಅರ್ಧ ಗಂಟೆಯಲ್ಲಿ ತಾನೇ ಮಾಡಿ ಮುಗಿಸಬಹುದಾಗಿದ್ದ ಕೆಲಸ ಅದು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸ್ಕ್ರೂಡ್ರೈವರ್ ತಂದು, "ಇದು ನಿನ್ನ ಕೈಯಲ್ಲೇ ಇರಲಿ, ನಾನು ಓದಿ ಹೇಳುತ್ತೇನೆ" ಎಂದು ಎದುರಿಗೆ ಕುಳಿತಳು. ಅವಳು ಓದಿದ್ದು ಲೆನೊವೊ ಸಂಸ್ಥೆ ಈ ಮಾದರಿಗೆಂದು ಪ್ರಕಟಿಸಿರುವ ರಿಪೇರಿ ಕೈಪಿಡಿಯನ್ನು. ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು. ಯಾವ ಭಾಗವನ್ನು ಯಾವ ಕ್ರಮದಲ್ಲಿ ತೆಗೆಯಬೇಕು, ಯಾವ ಸ್ಕ್ರೂ ಎಲ್ಲಿಯದು ಎಂಬುದೆಲ್ಲ ಚಿತ್ರಸಹಿತ ಅದರಲ್ಲಿದೆ.

ಮೊದಲು ಬಯೋಸ್ (ಯಂತ್ರ ಶುರುವಾಗುವಾಗಲೇ ತೆರೆಯಬಹುದಾದ ಮೂಲ ಹೊಂದಾಣಿಕೆಗಳ ಪುಟ) ತೆರೆದು ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸಬೇಕು. ಅದಕ್ಕೆಂದೇ ಅಲ್ಲೊಂದು ಆಯ್ಕೆಯಿದೆ. ಅದನ್ನು ಒತ್ತಿದರೆ ಯಂತ್ರ ಆರಿ, ಮತ್ತೆ ಚಾರ್ಜರ್ ಸಿಕ್ಕಿಸುವ ತನಕ ಎಚ್ಚರಗೊಳ್ಳುವುದಿಲ್ಲ. ಒಳಗೆ ಕೈ ಹಾಕುವವರಿಗೆ ತೊಂದರೆಯಾಗಬಾರದೆಂಬ ಮುಂಜಾಗ್ರತೆ ಇದು. ಆಮೇಲೆ ಹೊರಬ್ಯಾಟರಿಯನ್ನು ತೆಗೆದು, ತಳದ ಆರು ಸ್ಕ್ರೂಗಳನ್ನು ಸಡಿಲಿಸಿದೆ. ಸಡಿಲಿಸಿದೆ ಎಂದೇ ಹೇಳಬೇಕು, ಏಕೆಂದರೆ ಅವು ಹೊರಗೆ ಬರುವುದೇ ಇಲ್ಲ. ಪೂರ್ತಿ ತಿರುಗಿಸಿದ ಮೇಲೂ ಪ್ರತಿಯೊಂದೂ ತಳದ ಮುಚ್ಚಳದಲ್ಲೇ ಸಿಕ್ಕಿಕೊಂಡು ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಮೇಜಿನಿಂದ ಉರುಳಿ ಕಳೆದುಹೋಗುವ ಪ್ರಮೇಯವಿಲ್ಲ, ಯಾವುದು ಎಲ್ಲಿಯದೆಂದು ನೆನಪಿಟ್ಟುಕೊಳ್ಳುವ ಗೋಜಿಲ್ಲ. ಆ ಆರು ಸ್ಕ್ರೂಗಳನ್ನು ನೋಡುತ್ತಾ ನಾನು ಸುಮ್ಮನೆ ಕುಳಿತುಬಿಟ್ಟೆ. ಸಂಸ್ಥೆಗೆ ಇದರಿಂದ ಮಾರಾಟ ಹೆಚ್ಚುವುದಿಲ್ಲ, ಜಾಹೀರಾತಿನಲ್ಲಿ ಇದು ಕಾಣುವುದಿಲ್ಲ, ಕೊಳ್ಳುವಾಗ ಯಾರೂ ಇದನ್ನು ವಿಚಾರಿಸುವುದಿಲ್ಲ. ಎಂದೋ ಒಂದು ದಿನ, ಎಲ್ಲಿಯೋ ಒಬ್ಬರು ಈ ಮುಚ್ಚಳವನ್ನು ತೆರೆಯಲು ಕೂರುತ್ತಾರೆ, ಅವರ ಕೈ ಪಳಗಿರಲಿಕ್ಕಿಲ್ಲ ಎಂದು ವಿನ್ಯಾಸದ ಮೇಜಿನ ಮುಂದೆ ಯಾರೋ ಯೋಚಿಸಿದ್ದಾರೆ.

ಮುಚ್ಚಳದ ಅಂಚಿನ ಕೊಕ್ಕೆಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಡಿಸುವಾಗ ಟಕ್ ಎಂದು ಸದ್ದಾದಾಗಲೆಲ್ಲ ನನ್ನ ಕೈ ನಿಲ್ಲುತ್ತಿತ್ತು. ಅವಳು ಒಮ್ಮೆಯೂ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. "ಅದು ಹಾಗೇ ಸದ್ದು ಮಾಡುತ್ತೆ, ಮುಂದಕ್ಕೆ ಹೋಗು" ಎಂದಷ್ಟೇ ಹೇಳಿ ಕಾದಳು. ಒಳಗೆ ಎಲ್ಲವೂ ಕಣ್ಣಿಗೆ ಕಾಣುವಂತಿತ್ತು: ಫ್ಯಾನು, ಅದಕ್ಕೆ ಸೇರಿದ ತಾಮ್ರದ ಕೊಳವೆ, ಮೆಮೊರಿಯ ಎರಡು ಸ್ಥಾನಗಳು, ವೈಫೈ ಕಾರ್ಡು, ಡಿಸ್ಕ್, ಒಳಬ್ಯಾಟರಿ. ಶಾಖ ಹೀರುವ ತಾಮ್ರದ ಭಾಗವನ್ನು ಬಿಚ್ಚಿ, ಒಣಗಿ ಸುಣ್ಣದಂತಾಗಿದ್ದ ಹಳೆಯ ಲೇಪವನ್ನು ಒರೆಸಿ, ಹೊಸದನ್ನು ಅವಳು ತೋರಿಸಿದಷ್ಟೇ ಪ್ರಮಾಣದಲ್ಲಿ ಹಚ್ಚಿ, ಫ್ಯಾನಿನ ರೆಕ್ಕೆಗಳ ನಡುವಿನ ಧೂಳನ್ನು ಬ್ರಷ್ಷಿನಿಂದ ತೆಗೆದು ಮತ್ತೆ ಜೋಡಿಸಿದೆ. ಚಾರ್ಜರ್ ಸಿಕ್ಕಿಸಿದಾಗ ಯಂತ್ರ ಎದ್ದಿತು, ಫ್ಯಾನು ತಣ್ಣಗಾಯಿತು. ಆ ದಿನದ ನಂತರ ಮೆಮೊರಿಯನ್ನು 16 ಜಿಬಿಗೆ ಏರಿಸಿದ್ದೂ, ಡಿಸ್ಕ್ ಬದಲಿಸಿದ್ದೂ ನಾನೇ.

ಅವಳ ಸ್ನೇಹದಲ್ಲಿ ಮೊದಲಿನಿಂದಲೂ ಇದೇ ಗುಣ. ಹಾಸ್ಟೆಲಿನಲ್ಲಿ ನಾನು ಮೊದಲ ಅನುವಾದ ಮಾಡಿ ತೋರಿಸಿದಾಗ ಚೆನ್ನಾಗಿದೆ ಎಂದು ಹೇಳಿ ಮುಗಿಸಲಿಲ್ಲ, ತಾನೇ ತಿದ್ದಿಯೂ ಕೊಡಲಿಲ್ಲ. ಎಡವಿದ ವಾಕ್ಯಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, "ಇಲ್ಲಿ ನನಗೆ ಅರ್ಥವಾಗಲಿಲ್ಲ, ನೀನೇ ನೋಡು" ಎಂದು ಹಿಂದಿರುಗಿಸಿದಳು. ನಾವು ದಿನವೂ ಮಾತಾಡುವವರಲ್ಲ, ಹಬ್ಬಕ್ಕೊಂದು ಫೋನೂ ಕೆಲವೊಮ್ಮೆ ತಪ್ಪುತ್ತದೆ. ಆದರೆ ಅವಳ ಸಹಾಯ ಪಡೆದ ಪ್ರತಿ ಸಲವೂ ನಾನು ಅವಳ ಮೇಲೆ ಹೆಚ್ಚು ಅವಲಂಬಿತಳಾಗದೆ, ಹೆಚ್ಚು ಸಮರ್ಥಳಾಗಿ ಹೊರಬಂದಿದ್ದೇನೆ. ಬಳಸುವವರು ಮುಟ್ಟಲೇಬಾರದೆಂದು ಅಂಟು ಹಾಕಿ ಮುಚ್ಚಿದ ಎಷ್ಟೋ ಸಾಧನಗಳು ನನ್ನ ಮನೆಯಲ್ಲೂ ಇವೆ. ನಿನ್ನಿಂದ ಆಗುವುದಿಲ್ಲ ಬಿಡು, ನಾನೇ ಮಾಡಿಕೊಡುತ್ತೇನೆ ಎನ್ನುವ ಪ್ರೀತಿಯನ್ನೂ ಕಂಡಿದ್ದೇನೆ. ಈ ಯಂತ್ರ ಮತ್ತು ಈ ಗೆಳತಿ ಇಬ್ಬರನ್ನೂ ನಾನು ಮೆಚ್ಚುವುದು ಒಂದೇ ಕಾರಣಕ್ಕೆ, ನನ್ನ ಕೈ ಕಲಿಯಬಲ್ಲದು ಎಂದು ಇಬ್ಬರೂ ಎಣಿಸಿದ್ದಕ್ಕೆ.

ದೋಷಗಳನ್ನೂ ಮುಚ್ಚಿಡದೆ ಹೇಳಬೇಕು. ಕೊಳ್ಳುವ ಮೊದಲೇ ಅವಳು ನನಗೆ ಹೇಳಿದ್ದಳು. 1920×1080 ಚುಕ್ಕಿಗಳ ತೆರೆಯ ಬೆಳಕು ಸುಮಾರು 250 ನಿಟ್ಸ್ (ತೆರೆಯ ಹೊಳಪಿನ ಅಳತೆ) ಮಾತ್ರ. ಕಿಟಕಿಯ ಪಕ್ಕ ಕುಳಿತರೆ ಕಣ್ಣು ಕಿರಿದು ಮಾಡಬೇಕಾಗುತ್ತದೆ, ಬಣ್ಣಗಳೂ ಸಪ್ಪೆ. ಚಿತ್ರ ಸಂಸ್ಕರಣೆ ಮಾಡುವವರು ಇದನ್ನು ಕೊಳ್ಳಬಾರದು. 1366×768ರ ತೆರೆಯಿರುವ ಯಂತ್ರಗಳೂ ಮಾರುಕಟ್ಟೆಯಲ್ಲಿ ಬಹಳ ಇವೆ. ಬೆಲೆ ಎಷ್ಟೇ ಕಡಿಮೆಯಿದ್ದರೂ ಅವು ಬೇಡ, ಕನ್ನಡದ ಒತ್ತಕ್ಷರಗಳು ಅದರಲ್ಲಿ ಕಲಸಿದಂತೆ ಕಾಣುತ್ತವೆ, ತಿದ್ದುವವರ ಕಣ್ಣಿಗೆ ಅದು ಶಿಕ್ಷೆ. ಕ್ಯಾಮೆರಾ ಮತ್ತು ಸ್ಪೀಕರ್ ಸಾಧಾರಣ. ದೊಡ್ಡ ಬ್ಯಾಟರಿಯೊಡನೆ ಹೆಗಲಚೀಲದಲ್ಲಿ ಹೊತ್ತು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವರಿಗೆ ತೂಕ ಖಂಡಿತ ಗೊತ್ತಾಗುತ್ತದೆ.

ಕೊಳ್ಳಲು ಹೋಗುವವರು ಅಂಗಡಿಯಲ್ಲೇ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಯಂತ್ರ ಶುರುವಾಗುವಾಗ ಎಫ್1 ಕೀಲಿ ಒತ್ತಿ ಬಯೋಸ್ ತೆರೆಯಿರಿ. ಹಿಂದಿನ ಕಂಪನಿ ಇಟ್ಟ ಪಾಸ್‌ವರ್ಡ್ ಅಲ್ಲಿ ಅಡ್ಡ ಬಂದರೆ ಆ ಯಂತ್ರವನ್ನು ಬಿಟ್ಟುಬಿಡಿ, ಅದನ್ನು ತೆಗೆಸುವುದು ಸುಲಭವಲ್ಲ. ಎರಡೂ ಬ್ಯಾಟರಿಗಳ ಮೂಲ ಸಾಮರ್ಥ್ಯ ಎಷ್ಟು, ಈಗ ಉಳಿದಿರುವುದೆಷ್ಟು ಎಂಬುದನ್ನು ವಿಂಡೋಸ್‌ನ ಬ್ಯಾಟರಿ ವರದಿಯಲ್ಲಿ ತೆಗೆಸಿ ನೋಡಿ. ಚಾರ್ಜಿಂಗ್‌ಗೆ ಬಳಸುವ ಯುಎಸ್‌ಬಿ-ಸಿ ರಂಧ್ರಗಳೆರಡೂ ಬಿಗಿಯಾಗಿ ಹಿಡಿಯುತ್ತವೆಯೇ ಎಂದು ಪರೀಕ್ಷಿಸಿ. ಆ ರಂಧ್ರಗಳಲ್ಲೊಂದರ ವೇಗದ ಸಂಪರ್ಕವನ್ನು ನೋಡಿಕೊಳ್ಳುವ ಥಂಡರ್‌ಬೋಲ್ಟ್ ಭಾಗಕ್ಕೆ ಲೆನೊವೊ ಸಂಸ್ಥೆ ಈ ಸರಣಿಗೆಂದು ಫರ್ಮ್‌ವೇರ್ (ಯಂತ್ರಭಾಗದೊಳಗೇ ಇರುವ ತಂತ್ರಾಂಶ) ತಿದ್ದುಪಡಿಯೊಂದನ್ನು ಹೊರಡಿಸಿದೆ, ಹಾಕಿರದಿದ್ದರೆ ಮನೆಗೆ ತಂದ ದಿನವೇ ಹಾಕಿಕೊಳ್ಳಬೇಕು. ಇಂಟೆಲ್‌ನ ಎಂಟನೆಯ ಪೀಳಿಗೆಯ ಪ್ರೊಸೆಸರ್ ಇರುವ ಟಿ480 ಯಂತ್ರಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿದೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಬೆಂಬಲ ಮುಗಿದಿರುವುದರಿಂದ ಇದು ಮುಖ್ಯವಾದ ಮಾತು. ಇದೇ ಮಾದರಿಯಲ್ಲಿ ಏಳನೆಯ ಪೀಳಿಗೆಯ ಪ್ರೊಸೆಸರಿನವೂ ಸಿಗುತ್ತವೆ, ಅವಕ್ಕೆ ಆ ಬೆಂಬಲವಿಲ್ಲ. ನಾನು ವಿಂಡೋಸ್ ಬದಲು ಲಿನಕ್ಸ್ ಬಳಸುತ್ತೇನೆ, ಅದರಲ್ಲಿ ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯನ್ನು ಜೋಡಿಸಿಕೊಳ್ಳುವುದು ಕಷ್ಟವಾಗಲಿಲ್ಲ.

ನಾನು ಕೊಟ್ಟ ಬೆಲೆ ಇಪ್ಪತ್ತು ಸಾವಿರ ರೂಪಾಯಿಯೊಳಗೆ ಮುಗಿಯಿತು, ದೊಡ್ಡ ಬ್ಯಾಟರಿಗೆ ಬೇರೆ ಖರ್ಚಾಯಿತು. ಬರೆಯುವವರು, ಓದುವ ವಿದ್ಯಾರ್ಥಿಗಳು, ಲೆಕ್ಕಪತ್ರ ನೋಡುವವರು, ಹಳ್ಳಿಯಿಂದಲೇ ಕೆಲಸ ಮಾಡುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಕೊಂಡ ಮೇಲೆ ಒಂದು ಒಳ್ಳೆಯ ಸ್ಕ್ರೂಡ್ರೈವರನ್ನೂ ಕೊಂಡುಕೊಳ್ಳಿ, ಮೊದಲ ಸಲ ತೆರೆಯುವಾಗ ಪಕ್ಕದಲ್ಲಿ ಕುಳಿತು ಕೈಪಿಡಿ ಓದಿ ಹೇಳುವವರು ಯಾರಾದರೂ ಇದ್ದರೆ ಅವರನ್ನೂ ಕರೆಯಿರಿ. ನನ್ನ ತಂಗಿಯ ಮಗ ಈ ವರ್ಷ ಕಾಲೇಜು ಸೇರಿದ್ದಾನೆ, ಅವನಿಗೂ ಇದೇ ಮಾದರಿಯನ್ನು ಕೊಡಿಸಿದ್ದೇವೆ. ಮೆಮೊರಿ ಕಡಿಮೆಯಿದೆ ಎಂದು ಮೊನ್ನೆ ಬಂದಿದ್ದ. ಮೇಜಿನ ಮೇಲೆ ಬಟ್ಟೆ ಹಾಸಿ, ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟು, ನಾನು ಕೈಪಿಡಿ ಓದಿದೆ.